‘ಒಂಥರಾ ಆಗ್ತಿದೆ’ ಎಂಬುದನ್ನು ಬಿಡಿಸಿ ಓದುವುದು: ಭಾವನೆಗೆ ಹೆಸರು ಸಿಗದವರಿಗೆ ಒಂದು ಕೈಪಿಡಿ

ಡಾಕ್ಟರ ಮುಂದೆ ಕೂತು ‘ಒಂಥರಾ ಆಗ್ತಿದೆ’ ಎನ್ನುವವರಲ್ಲಿ ಒಂದಷ್ಟು ಜನಕ್ಕೆ ನಿಜವಾಗಿಯೂ ಅದಕ್ಕಿಂತ ಹೆಚ್ಚು ಹೇಳಲು ಬರುವುದಿಲ್ಲ. ಹೊಟ್ಟೆ ಬಿಗಿದಿರುತ್ತದೆ, ನಿದ್ದೆ ಹತ್ತುವುದಿಲ್ಲ, ಸಣ್ಣದಕ್ಕೆಲ್ಲ ರೇಗುತ್ತದೆ. ಆದರೆ ಇದು ಭಯವೋ ಸಿಟ್ಟೋ ದುಃಖವೋ ಎಂದು ಕೇಳಿದರೆ ಒಳಗಿನಿಂದ ಉತ್ತರ ಬರುವುದಿಲ್ಲ. ಮನೆಯವರು ಇದನ್ನು ‘ಮುಚ್ಚಿಡುವ ಸ್ವಭಾವ’ ಎನ್ನುತ್ತಾರೆ, ‘ಕಲ್ಲು ಮನಸ್ಸು’ ಎನ್ನುತ್ತಾರೆ. ಎರಡೂ ಸರಿಯಲ್ಲ. ಮುಚ್ಚಿಡಬೇಕಾದರೆ ಏನಿದೆ ಎಂದು ಮೊದಲು ಗೊತ್ತಿರಬೇಕಲ್ಲ.

ಈ ಸ್ಥಿತಿಗೆ ಅಲೆಕ್ಸಿಥೈಮಿಯಾ ಎಂದು ಹೆಸರು. 1970ರ ದಶಕದ ಆರಂಭದಲ್ಲಿ ಮನೋವೈದ್ಯ ಪೀಟರ್ ಸಿಫ್ನಿಯೋಸ್ ಇಟ್ಟದ್ದು. ಗ್ರೀಕ್ ಮೂಲದಲ್ಲಿ ‘ಭಾವಕ್ಕೆ ಮಾತಿಲ್ಲ’ ಎಂದರ್ಥ. ಭಾವನೆ ಇಲ್ಲ ಎಂದಲ್ಲ, ಅದಕ್ಕೆ ಪದ ಇಲ್ಲ ಎಂದು. ಮನಸ್ಸಿನ ಒತ್ತಡ ಮೈಯ ಕಾಯಿಲೆಯಾಗಿ ಕಾಣಿಸಿಕೊಳ್ಳುತ್ತಿದ್ದ ರೋಗಿಗಳೊಡನೆ ಮಾತನಾಡುವಾಗ ಸಿಫ್ನಿಯೋಸ್ ಗಮನಕ್ಕೆ ಬಂದದ್ದಿದು: ನೋವು ಎಲ್ಲಿದೆ, ಎಷ್ಟು ಹೊತ್ತಿಗೆ ಶುರುವಾಯಿತು ಎಂಬುದನ್ನೆಲ್ಲ ಆ ರೋಗಿಗಳು ಕೂಲಂಕಷವಾಗಿ ಹೇಳುತ್ತಿದ್ದರು, ‘ಆಗ ನಿಮಗೆ ಹೇಗನ್ನಿಸಿತು’ ಎಂದು ಕೇಳಿದರೆ ಸುಮ್ಮನಾಗುತ್ತಿದ್ದರು.

ಅಲೆಕ್ಸಿಥೈಮಿಯಾ ಒಂದು ರೋಗವಲ್ಲ, ಮನೋವೈದ್ಯರ ರೋಗಪಟ್ಟಿಗಳಲ್ಲಿ ಅದು ಪ್ರತ್ಯೇಕ ಕಾಯಿಲೆಯಾಗಿ ಇಲ್ಲ. ಎತ್ತರ, ಗಿಡ್ಡ ಇದ್ದಂತೆ ಒಬ್ಬೊಬ್ಬರಲ್ಲಿ ಒಂದೊಂದು ಪ್ರಮಾಣದಲ್ಲಿರುವ ಗುಣ. ಸಾಮಾನ್ಯ ಜನರಲ್ಲಿ ಹತ್ತಕ್ಕೆ ಸುಮಾರು ಒಬ್ಬರಲ್ಲಿ ಎದ್ದು ಕಾಣುವಷ್ಟಿರುತ್ತದೆ. ಕೆಲವರಿಗೆ ಚಿಕ್ಕಂದಿನಿಂದಲೂ ಹಾಗೆ. ಇನ್ನು ಕೆಲವರಿಗೆ ದೊಡ್ಡ ಆಘಾತ, ತಲೆಗೆ ಬಿದ್ದ ಪೆಟ್ಟು, ಸ್ಟ್ರೋಕ್ ಅಥವಾ ದೀರ್ಘಕಾಲದ ಖಿನ್ನತೆಯ ನಂತರ ಬಂದದ್ದು. ‘ಮೊದಲು ಹೀಗಿರಲಿಲ್ಲ, ಈಚೆಗೆ ಶುರುವಾಯಿತು’ ಎಂದಾದರೆ ಆ ಮಾತನ್ನು ಡಾಕ್ಟರಿಗೆ ಮೊದಲೇ ಹೇಳಬೇಕು. ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳಿಂದಲೂ ಭಾವನೆ ಮೊಂಡಾದಂತೆ ಆಗುವುದುಂಟು. ಹಾಗೆಂದು ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು. ಪ್ರಮಾಣ ಬದಲಿಸುವುದೋ ಮಾತ್ರೆ ಬದಲಿಸುವುದೋ ಬರೆದುಕೊಟ್ಟವರ ಕೆಲಸ.

ಅಳೆಯುವುದು ಹೇಗೆ

ಹೆಚ್ಚು ಬಳಕೆಯಲ್ಲಿರುವುದು ಟೊರೊಂಟೊ ಅಲೆಕ್ಸಿಥೈಮಿಯಾ ಮಾಪಕ. ಅದರಲ್ಲಿ 20 ಹೇಳಿಕೆಗಳಿವೆ, ಒಂದೊಂದಕ್ಕೂ 1ರಿಂದ 5ರವರೆಗೆ ಅಂಕ. ಒಟ್ಟು 51 ಅಥವಾ ಕಡಿಮೆ ಬಂದರೆ ಇಲ್ಲ ಎಂದು, 52ರಿಂದ 60 ಬಂದರೆ ಗಡಿಯಲ್ಲಿ, 61 ಅಥವಾ ಮೇಲಾದರೆ ಇದೆ ಎಂದು ಲೆಕ್ಕ. ಹೇಳಿಕೆಗಳು ಮೂರು ಗುಂಪು: ಭಾವನೆ ಗುರುತಿಸುವ ಕಷ್ಟದ ಬಗ್ಗೆ 7, ಅದನ್ನು ಬಣ್ಣಿಸುವ ಕಷ್ಟದ ಬಗ್ಗೆ 5, ಗಮನವೆಲ್ಲ ಹೊರಗಿನ ಸಂಗತಿಗಳತ್ತಲೇ ಹೋಗುವುದರ ಬಗ್ಗೆ 8. ಒಟ್ಟು ಅಂಕಕ್ಕಿಂತ ಯಾವ ಗುಂಪಿನಲ್ಲಿ ಹೆಚ್ಚು ಎಂಬುದೇ ಕೆಲಸಕ್ಕೆ ಬರುವ ಮಾಹಿತಿ. ಗುರುತು ಸಿಗುತ್ತದೆ ಆದರೆ ಹೇಳಲು ಬರುವುದಿಲ್ಲ ಎನ್ನುವವರು ಕೆಳಗಿನ ಅಭ್ಯಾಸದಲ್ಲಿ ಮೊದಲೆರಡು ವಾರದ ಪಾಠ ಬಿಟ್ಟು ಮುಂದಕ್ಕೆ ಹೋಗಬಹುದು.

ಈ ಮಾಪಕದಲ್ಲಿ ಒಂದು ತಮಾಷೆಯೂ ಇದೆ. ತನ್ನ ಒಳಗು ತನಗೆ ಕಾಣದವರನ್ನೇ ‘ನಿಮ್ಮ ಒಳಗು ನಿಮಗೆ ಕಾಣುತ್ತದೆಯೇ’ ಎಂದು ಕೇಳುತ್ತದೆ. ಅದಕ್ಕೇ ಹತ್ತಿರದವರೊಬ್ಬರ ಅಭಿಪ್ರಾಯವನ್ನೂ ಪಕ್ಕದಲ್ಲಿಟ್ಟು ನೋಡುವುದು ಒಳ್ಳೆಯದು. ಖಿನ್ನತೆ, ಆತಂಕ ಜೋರಾಗಿರುವಾಗ ಅಂಕ ಮೇಲೇರುತ್ತದೆ, ಅವು ಇಳಿದ ಮೇಲೆ ಇಳಿಯುತ್ತದೆ. ಒಂದೇ ಸಲದ ಅಂಕವನ್ನು ಹಣೆಬರಹ ಎಂದುಕೊಳ್ಳಬೇಡಿ.

ಮೈಯ ಕಾಯಿಲೆಗೂ ಇದಕ್ಕೂ ಏನು ನಂಟು

ಖಿನ್ನತೆ, ಆತಂಕ, ಪಿಟಿಎಸ್‌ಡಿ (ದೊಡ್ಡ ಆಘಾತದ ನಂತರ ಉಳಿದುಬಿಡುವ ಮನಸ್ಸಿನ ತೊಂದರೆ), ಊಟ ಬಿಡುವುದು ಅಥವಾ ಅತಿಯಾಗಿ ತಿನ್ನುವುದರಂಥ ಊಟದ ತೊಂದರೆಗಳು, ಮದ್ಯ ಮತ್ತು ಮಾದಕ ಚಟಗಳಲ್ಲಿ ಅಲೆಕ್ಸಿಥೈಮಿಯಾ ಹೆಚ್ಚು ಕಾಣುತ್ತದೆ. ಫೈಬ್ರೊಮಯಾಲ್ಜಿಯಾದಂಥ ದೀರ್ಘಕಾಲದ ನೋವು, ಐಬಿಎಸ್ ಎಂಬ ಕರುಳಿನ ತೊಂದರೆ, ಪಾರ್ಕಿನ್ಸನ್ ಕಾಯಿಲೆ ಇರುವವರಲ್ಲಿಯೂ ಅಷ್ಟೆ. ಆಟಿಸಂ ಇರುವವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಇದು ಇರುತ್ತದೆ, ಉಳಿದ ಅರ್ಧ ಜನರಿಗೆ ಇರುವುದಿಲ್ಲ. ಆದ್ದರಿಂದ ‘ಆಟಿಸಂ ಇದ್ದವರಿಗೆ ಭಾವನೆ ತಿಳಿಯುವುದಿಲ್ಲ’ ಎಂಬ ಮಾತು ಅರ್ಧ ಜನರ ಬಗ್ಗೆ ಸುಳ್ಳು.

ಒಟ್ಟಿಗೆ ಕಾಣುತ್ತದೆ ಎಂದ ಮಾತ್ರಕ್ಕೆ ಒಂದರಿಂದ ಇನ್ನೊಂದು ಬಂತು ಎಂದಾಗುವುದಿಲ್ಲ. ಹತ್ತು ವರ್ಷ ನೋವು ತಿಂದವರು ಮೈಯ ಕಡೆಗೆ ಗಮನ ಕೊಡುವುದನ್ನೇ ಬಿಟ್ಟಿರಬಹುದು. ಆದರೂ ತೊಂದರೆ ಬೆಳೆಯುವ ದಾರಿ ಅರ್ಥವಾಗುವಂಥದ್ದೇ. ಹೃದಯದ ಬಡಿತ, ಉಸಿರು, ಹೊಟ್ಟೆಯ ಸ್ಥಿತಿ ಇವುಗಳ ಸುದ್ದಿ ಮಿದುಳಿಗೆ ಸದಾ ಹೋಗುತ್ತಿರುತ್ತದೆ, ಅದನ್ನು ಸೇರಿಸಿ ಓದುವುದರಲ್ಲಿ ಇನ್ಸುಲಾ ಎಂಬ ಭಾಗದ ಪಾತ್ರ ದೊಡ್ಡದು. ಓದು ಮಸುಕಾಗಿದ್ದರೆ, ಭಯದಿಂದ ಎದೆ ಹೊಡೆದುಕೊಂಡದ್ದು ‘ಭಯ’ ಎಂದು ತಿಳಿಯುವುದಿಲ್ಲ, ‘ಹೃದಯಕ್ಕೇನೋ ಆಗಿದೆ’ ಎಂದು ತಿಳಿಯುತ್ತದೆ. ಕಾರಣ ಗೊತ್ತಿಲ್ಲದಿದ್ದರೆ ಪರಿಹಾರವೂ ಸಿಗುವುದಿಲ್ಲ. ಮೈ ಬಿಗಿಯಾಗಿಯೇ ಇರುತ್ತದೆ. ಬಿಗಿ ಕಡಿಮೆ ಮಾಡಲು ಕುಡಿತವೋ, ಸಿಕ್ಕಿದ್ದೆಲ್ಲ ತಿನ್ನುವುದೋ, ರಾತ್ರಿಯೆಲ್ಲ ಮೊಬೈಲೋ ಬರುತ್ತದೆ. ಇದಕ್ಕೆ ವಿರುದ್ಧವೂ ನಡೆಯುತ್ತದೆ, ಮತ್ತು ಅದು ಹೆಚ್ಚು ಅಪಾಯ: ಹಸಿವು, ದಣಿವು, ನೋವಿನ ಸುದ್ದಿಯೂ ಸರಿಯಾಗಿ ತಲುಪದೆ, ಕಾಯಿಲೆ ಬಲಿತ ಮೇಲೆ ಆಸ್ಪತ್ರೆಗೆ ಹೋಗುವುದು.

ಹಾಗಾಗಿ ಅಭ್ಯಾಸ ಶುರು ಮಾಡುವ ಮುನ್ನ ಒಂದು ಸಲ ದೇಹದ ತಪಾಸಣೆ ಆಗಲಿ. ಥೈರಾಯ್ಡ್ ಜಾಸ್ತಿಯಾದರೆ ಎದೆಬಡಿತ, ನಡುಕ, ಚಡಪಡಿಕೆ ಬರುತ್ತದೆ, ಥೇಟ್ ಆತಂಕದಂತೆ. ಥೈರಾಯ್ಡ್ ಕಡಿಮೆಯಾದರೆ, ರಕ್ತಹೀನತೆಯಾದರೆ ಸುಸ್ತು, ನಿರುತ್ಸಾಹ, ಥೇಟ್ ಖಿನ್ನತೆಯಂತೆ. ಶುಗರ್ ತಟ್ಟನೆ ಇಳಿದರೆ ಬೆವರು, ನಡುಕ. ಇವುಗಳಿಗೆ ಭಾವನೆಯ ಹೆಸರು ಹುಡುಕುತ್ತಾ ಕೂತರೆ ವರ್ಷ ಕಳೆದರೂ ಸಿಗುವುದಿಲ್ಲ. ಎದೆನೋವು, ಉಸಿರುಗಟ್ಟುವುದು, ಒಂದು ಪಕ್ಕದ ಕೈಕಾಲು ಸೋಲುವುದು, ಪ್ರಜ್ಞೆ ತಪ್ಪುವುದು ಇದ್ದರಂತೂ ಅಭ್ಯಾಸದ ನೋಟ್‌ಬುಕ್ ತೆಗೆಯಬೇಡಿ, ನೇರ ತುರ್ತು ಚಿಕಿತ್ಸೆಗೆ ಹೋಗಿ.

ಅಭ್ಯಾಸ: ಮೈ ಮೊದಲು, ಪದ ಕೊನೆಗೆ

ಹೆಚ್ಚಿನವರು ತಪ್ಪುವುದು ಇಲ್ಲೇ. ಭಾವನೆಗಳ ನೂರು ಹೆಸರಿರುವ ಪಟ್ಟಿಯೊಂದನ್ನು ಇಟ್ಟುಕೊಂಡು ‘ಇದರಲ್ಲಿ ಯಾವುದು ನನ್ನದು’ ಎಂದು ಹುಡುಕುತ್ತಾರೆ. ಯಾವುದೂ ಹೊಂದುವುದಿಲ್ಲ, ಅಥವಾ ಎಲ್ಲವೂ ಹೊಂದಿದಂತೆ ಕಾಣುತ್ತದೆ. ಮೂರನೇ ದಿನಕ್ಕೆ ಬಿಡುತ್ತಾರೆ. ಪದವನ್ನು ಕೊನೆಗೆ ಇಟ್ಟುಕೊಳ್ಳಿ.

ಮೊದಲ ವಾರ. ದಿನಕ್ಕೆ ಮೂರು ಸಲ, ಪ್ರತಿ ಸಲ ಎರಡೇ ನಿಮಿಷ. ಮೊಬೈಲಿನಲ್ಲಿ ಅಲಾರಂ ಇಡಿ. ‘ಏನಾದರೂ ಅನ್ನಿಸಿದಾಗ ಬರೆಯುತ್ತೇನೆ’ ಎಂದರೆ ಆಗುವುದಿಲ್ಲ, ಅನ್ನಿಸಿದ್ದು ತಿಳಿಯದಿರುವುದೇ ತೊಂದರೆ ತಾನೆ. ಅಲಾರಂ ಆದಾಗ ಈ ಕ್ರಮದಲ್ಲಿ ಗಮನಿಸಿ, ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ: ಹಣೆ ಮತ್ತು ಹುಬ್ಬು, ದವಡೆ, ಗಂಟಲು, ಭುಜ, ಎದೆ, ಹೊಟ್ಟೆ, ಅಂಗೈ, ಕಾಲು. ಬಿಗಿ, ಸಡಿಲ, ಬಿಸಿ, ತಣ್ಣಗೆ, ಭಾರ, ಹಗುರ, ನಡುಕ, ಜುಮ್, ಉರಿ ಇಷ್ಟು ಪದಗಳು ಸಾಕು. ‘ಏನೂ ಗೊತ್ತಾಗಲಿಲ್ಲ’ ಎಂಬುದೂ ಉತ್ತರವೇ, ಅದನ್ನೂ ಬರೆಯಿರಿ. ಮೊದಲ ವಾರದ ಅರ್ಧ ಪುಟಗಳು ಹಾಗೇ ಇರುತ್ತವೆ.

ಜೊತೆಗೆ ದಿನಕ್ಕೊಮ್ಮೆ ನಾಡಿಯ ಆಟ. ಸುಮ್ಮನೆ ಕೂತು, ಕೈ ಮುಟ್ಟದೆ, 30 ಸೆಕೆಂಡಿನಲ್ಲಿ ಎಷ್ಟು ಸಲ ಬಡಿಯಿತು ಎಂದು ಒಳಗಿನಿಂದಲೇ ಎಣಿಸಲು ನೋಡಿ. ಆಮೇಲೆ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಇನ್ನೊಂದು 30 ಸೆಕೆಂಡು ನಿಜವಾಗಿ ಎಣಿಸಿ. ಎರಡರ ನಡುವಿನ ಅಂತರ ಬರೆದಿಡಿ. ಮೆಟ್ಟಿಲು ಹತ್ತಿಳಿದು ಮಾಡಿದರೆ ಸುಲಭ. ಪ್ಯಾನಿಕ್ ಬರುವವರು, ಹೃದಯದ ಬಗ್ಗೆ ಹೆದರಿಕೆ ಇರುವವರು ಇದನ್ನು ಮಾಡಬಾರದು, ಬಡಿತಕ್ಕೆ ಕಿವಿಗೊಟ್ಟಷ್ಟೂ ಹೆದರಿಕೆ ಏರುತ್ತದೆ. ಅವರು ಪಾದ ನೆಲಕ್ಕೆ ಒತ್ತಿದ್ದು, ಕೈ ಬಟ್ಟೆಗೆ ತಾಗಿದ್ದು ಇಷ್ಟನ್ನೇ ಗಮನಿಸಲಿ. ಹಿಂದೆ ಹಿಂಸೆ, ದೌರ್ಜನ್ಯ ಅನುಭವಿಸಿದವರಿಗೆ ಮೈಯ ಮೇಲೆ ಗಮನವಿಟ್ಟಾಗ ಹಳೆಯದು ಉಕ್ಕಿ ಬರಬಹುದು. ಕಣ್ಣು ಮುಚ್ಚಬೇಡಿ, ಬಂದರೆ ತಕ್ಷಣ ನಿಲ್ಲಿಸಿ, ಮುಂದಿನದನ್ನು ಚಿಕಿತ್ಸಕರ ಜೊತೆಗೇ ಮಾಡಿ.

ಎರಡನೇ ವಾರ. ಎರಡು ಅಂಕ ಸೇರಿಸಿ. ಹಿತವೋ ಅಹಿತವೋ: ಮೈನಸ್ 5ರಿಂದ ಪ್ಲಸ್ 5. ಮೈಯಲ್ಲಿ ಕಸುವು ಎಷ್ಟಿದೆ: 0 ಅಂದರೆ ಏಳಲೂ ಆಗದು, 10 ಅಂದರೆ ಕೂರಲೂ ಆಗದು. ಪದ ಗೊತ್ತಿಲ್ಲದಿದ್ದರೂ ಈ ಎರಡು ಅಂಕ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ಅಹಿತ ಮತ್ತು ಕಸುವು ಜಾಸ್ತಿ ಎಂದರೆ ಸಿಟ್ಟು, ಭಯ, ಆತಂಕದ ಕಡೆ. ಅಹಿತ ಮತ್ತು ಕಸುವು ಕಡಿಮೆ ಎಂದರೆ ದುಃಖ, ನಿರಾಸೆ, ಒಂಟಿತನದ ಕಡೆ. ಹಿತ ಮತ್ತು ಕಸುವು ಜಾಸ್ತಿ ಎಂದರೆ ಉತ್ಸಾಹ, ಸಂಭ್ರಮ. ಹಿತ ಮತ್ತು ಕಸುವು ಕಡಿಮೆ ಎಂದರೆ ನೆಮ್ಮದಿ, ನಿರಾಳ. ಇದರ ಕೆಳಗೆ, ಹಿಂದಿನ ಎರಡು ಗಂಟೆಯಲ್ಲಿ ಏನು ನಡೆಯಿತು ಎಂದು ಒಂದು ಸಾಲು.

ಮೂರನೇ ವಾರ. ಈಗ ಒಂದು ಪ್ರಶ್ನೆ: ಮೈ ಏನು ಮಾಡಲು ಹೊರಟಿದೆ? ಭಾವನೆಗಳನ್ನು ಬೇರ್ಪಡಿಸಲು ಇದರಷ್ಟು ಒಳ್ಳೆಯ ಪ್ರಶ್ನೆ ಇನ್ನೊಂದಿಲ್ಲ. ಮುಂದೆ ನುಗ್ಗಬೇಕು, ಏನನ್ನಾದರೂ ಎಸೆಯಬೇಕು ಎನಿಸಿದರೆ ಸಿಟ್ಟು. ಹಿಂದೆ ಸರಿಯಬೇಕು, ಬಾಗಿಲ ಕಡೆ ಕಣ್ಣು ಹೋಗುತ್ತಿದೆ ಎಂದರೆ ಭಯ. ನೆಲಕ್ಕೆ ಇಳಿದುಹೋಗಬೇಕು, ಯಾರ ಮುಖವನ್ನೂ ನೋಡಬಾರದು ಎಂದರೆ ನಾಚಿಕೆ ಅಥವಾ ಅವಮಾನ. ಮುಖ ತಿರುಗಿಸಬೇಕು, ಕೈ ತೊಳೆಯಬೇಕು ಎಂದರೆ ಅಸಹ್ಯ. ಸುಮ್ಮನೆ ಮಲಗಬೇಕು, ಆದರೆ ಯಾರಾದರೂ ಪಕ್ಕದಲ್ಲಿದ್ದರೆ ಆಗುತ್ತಿತ್ತು ಎಂದರೆ ದುಃಖ. ಮತ್ತೆ ಮತ್ತೆ ಹೋಗಿ ಸರಿಪಡಿಸಬೇಕು ಎಂದರೆ ತಪ್ಪಿತಸ್ಥ ಭಾವ. 2014ರಲ್ಲಿ ಫಿನ್ಲೆಂಡಿನ ಸಂಶೋಧಕರು ಸುಮಾರು 700 ಜನರಿಗೆ ಖಾಲಿ ದೇಹದ ಚಿತ್ರ ಕೊಟ್ಟು, ಯಾವ ಭಾವನೆಯಲ್ಲಿ ಎಲ್ಲಿ ಏನಾಗುತ್ತದೆ ಎಂದು ಬಣ್ಣ ಹಚ್ಚಿಸಿದ್ದರು. ಸಿಟ್ಟಿಗೆ ಎದೆ ಮತ್ತು ತೋಳು ಕೆಂಪಾದವು, ದುಃಖಕ್ಕೆ ಕೈಕಾಲು ಮಂಕಾದವು, ಸಂತೋಷಕ್ಕೆ ಇಡೀ ಮೈ ಬೆಳಗಿತು.

ಸಂಶೋಧನೆಯವರೆಗೂ ಹೋಗಬೇಕಿಲ್ಲ, ಕನ್ನಡವೇ ಇದನ್ನು ಬರೆದಿಟ್ಟಿದೆ. ಎದೆ ಧಸಕ್ಕೆಂದಿತು, ಕರುಳು ಚುರುಕ್ಕೆಂದಿತು, ಹೊಟ್ಟೆ ಉರಿಯಿತು, ಗಂಟಲು ಉಬ್ಬಿ ಬಂತು, ಹಲ್ಲು ಕಡಿದ, ನಾಲಿಗೆ ಒಣಗಿತು, ಎದೆ ಹಗುರವಾಯಿತು. ಒಂದೊಂದೂ ಒಂದು ಭಾವನೆಯ ವಿಳಾಸ. ‘ಅಸೂಯೆ’ ಎಂಬ ಪದ ಹೊಳೆಯದವರಿಗೂ ‘ಹೊಟ್ಟೆಯ ಮೇಲ್ಭಾಗದಲ್ಲಿ ಏನೋ ಉರಿ, ಅವನಿಗೆ ಬಡ್ತಿ ಸಿಕ್ಕ ಸುದ್ದಿ ಕೇಳಿದ ಮೇಲೆ’ ಎಂದು ಬರೆಯಲು ಬರುತ್ತದೆ.

ನಾಲ್ಕನೇ ವಾರದಿಂದ ಪದ. ಒಂದೇ ಪದ ಬರೆಯಬೇಡಿ. ಎರಡು ಮೂರು ಊಹೆ ಬರೆದು ನೂರರಲ್ಲಿ ಪಾಲು ಹಂಚಿ. ಮಾದರಿಗೆ ಒಂದು ಪುಟ ಹೀಗಿರುತ್ತದೆ:

‘ಬುಧವಾರ, ಸಂಜೆ 6:10. ಕತ್ತಿನ ಹಿಂದೆ ಬಿಗಿ, ದವಡೆ ಕಚ್ಚಿಕೊಂಡಿದೆ, ಅಂಗೈ ಬಿಸಿ. ಮೈನಸ್ 3. ಕಸುವು 7. ಮೀಟಿಂಗಿನಲ್ಲಿ ನಾನು ಮಾಡಿದ ಲೆಕ್ಕವನ್ನು ಬೇರೆಯವರ ಹೆಸರಲ್ಲಿ ತೋರಿಸಿದರು. ಊಹೆ: ಸುಸ್ತು.’

ಇಲ್ಲಿ ಊಹೆ ಮೇಲಿನ ಸಾಲುಗಳಿಗೆ ಹೊಂದುವುದಿಲ್ಲ. ಸುಸ್ತಾದವರ ಕಸುವು 7 ಇರುವುದಿಲ್ಲ, ಅಂಗೈ ಬಿಸಿಯಾಗುವುದಿಲ್ಲ. ಮರುದಿನ ಅದೇ ಪುಟ ಓದಿ ತಿದ್ದಿದಾಗ: ‘ಸಿಟ್ಟು 60, ಅವಮಾನ 30, ಸುಸ್ತು 10.’ ಹೀಗೆ ಹಿಂದಿನ ದಿನದ ಪುಟವನ್ನು ತಿದ್ದುವುದೇ ಈ ಅಭ್ಯಾಸದ ಜೀವಾಳ. ಬರೆದು ಮುಚ್ಚಿಟ್ಟರೆ ಪ್ರಯೋಜನ ಕಡಿಮೆ.

‘ಬೇಜಾರು’ ಎಂಬ ಚೀಲ

ಕೆಲವು ಪದಗಳನ್ನು ನೋಟ್‌ಬುಕ್ಕಿನಲ್ಲಿ ನಿಷೇಧಿಸಬೇಕು: ಬೇಜಾರು, ಟೆನ್ಷನ್, ಒಂಥರಾ. ಇವು ಪದಗಳಲ್ಲ, ಚೀಲಗಳು. ‘ಬೇಜಾರು’ ಒಂದನ್ನೇ ಸುರಿದು ನೋಡಿ. ಮಾಡಲು ಕೆಲಸವಿಲ್ಲದೆ ಬೇಜಾರು, ಅದು ಬರೀ ಹೊತ್ತು ಹೋಗದಿರುವುದು. ಅವಳು ಹಾಗಂದದ್ದಕ್ಕೆ ಬೇಜಾರು, ಅದು ಮನನೋವು. ಬರುತ್ತೇನೆಂದವರು ಬರಲಿಲ್ಲವೆಂದು ಬೇಜಾರು, ಅದು ನಿರಾಸೆ. ಅದೇ ಕೆಲಸ ಮಾಡಿ ಮಾಡಿ ಬೇಜಾರು, ಅದು ರೋಸಿಹೋಗಿರುವುದು. ಹಾಗೆ ಮಾತನಾಡಬಾರದಿತ್ತು ಎಂಬ ಬೇಜಾರು, ಅದು ಪಶ್ಚಾತ್ತಾಪ. ಸತ್ತವರ ನೆನಪಿನ ಬೇಜಾರು, ಅದು ಶೋಕ. ಆರಕ್ಕೂ ಮದ್ದು ಬೇರೆ: ಮೊದಲನೆಯದಕ್ಕೆ ಕೆಲಸ ಬೇಕು, ಎರಡನೆಯದಕ್ಕೆ ಮಾತು, ನಾಲ್ಕನೆಯದಕ್ಕೆ ರಜೆ, ಐದನೆಯದಕ್ಕೆ ಕ್ಷಮೆ ಕೇಳುವುದು. ಎಲ್ಲಕ್ಕೂ ‘ಬೇಜಾರು’ ಎಂದೇ ಹೇಳಿಕೊಂಡರೆ ಎಲ್ಲಕ್ಕೂ ಟಿವಿ ಹಾಕಿಕೊಂಡು ಕೂರುವುದೇ ಮದ್ದಾಗಿಬಿಡುತ್ತದೆ.

ಇನ್ನೊಂದು ಬಲೆ ‘ಅನ್ನಿಸಿತು’ ಎಂಬ ಕ್ರಿಯಾಪದ. ಕನ್ನಡದಲ್ಲಿ ಅಭಿಪ್ರಾಯಕ್ಕೂ ಅದೇ, ಭಾವನೆಗೂ ಅದೇ. ‘ಅವರು ನನ್ನನ್ನು ಲೆಕ್ಕಕ್ಕೇ ಇಟ್ಟಿಲ್ಲ ಅನ್ನಿಸಿತು’ ಎಂದು ಬರೆದವರು ಭಾವನೆ ಬರೆದೆ ಎಂದುಕೊಳ್ಳುತ್ತಾರೆ. ‘ಅನ್ನಿಸಿತು’ ಇದ್ದಲ್ಲಿ ‘ಅಂದುಕೊಂಡೆ’ ಹಾಕಿ ಓದಿ. ವಾಕ್ಯ ಸಲೀಸಾಗಿ ನಿಂತರೆ ಅದು ಆಲೋಚನೆ. ಭಾವನೆ ಅದರ ಹಿಂದೆ ಇನ್ನೂ ಕೂತಿದೆ. ಭಾವನೆ ಸಾಮಾನ್ಯವಾಗಿ ‘ನನಗೆ’ ಎಂದು ಶುರುವಾಗಿ ‘ಆಯಿತು’, ‘ಬಂತು’ ಎಂದು ಮುಗಿಯುತ್ತದೆ: ನನಗೆ ಭಯವಾಯಿತು, ನನಗೆ ಅಳು ಬಂತು. ಓದು ಬಹಳ ಇರುವವರು, ವಾದ ಚೆನ್ನಾಗಿ ಮಾಡುವವರು ಈ ಬಲೆಗೆ ಹೆಚ್ಚು ಬೀಳುತ್ತಾರೆ. ಅವರ ನೋಟ್‌ಬುಕ್ಕಿನಲ್ಲಿ ಪುಟಗಟ್ಟಲೆ ವಿಶ್ಲೇಷಣೆ ಇರುತ್ತದೆ, ಮೈಯ ಸುದ್ದಿ ಒಂದು ಸಾಲೂ ಇರುವುದಿಲ್ಲ.

ಹಸಿವು ಮತ್ತು ಆತಂಕ, ನಿದ್ದೆಗೇಡು ಮತ್ತು ದುಃಖ ಒಂದರಂತೆ ಒಂದು ಕಾಣುವುದೂ ಸಾಮಾನ್ಯ. ಸಂಶಯ ಬಂದರೆ ನೀರು ಕುಡಿದು, ಏನಾದರೂ ತಿಂದು, 20 ನಿಮಿಷ ಬಿಟ್ಟು ಮತ್ತೆ ಅಂಕ ಹಾಕಿ. ಅಂಕ ಬದಲಾದರೆ ಅದು ಹಸಿವು, ಹಾಗೇ ಇದ್ದರೆ ಪದ ಹುಡುಕಿ.

ಇನ್ನೊಬ್ಬರಿಗೆ ಹೇಳುವುದು

ಪದ ಸಿಕ್ಕ ಮೇಲೆಯೇ ಮಾತನಾಡಬೇಕು ಎಂದು ಕಾಯಬೇಡಿ. ಮೂರು ತುಂಡಿನ ವಾಕ್ಯ ಸಾಕು: ಏನಾಯಿತು, ಮೈಗೆ ಏನಾಯಿತು, ಏನು ಬೇಕು. ‘ನೀನು ಎಲ್ಲರ ಮುಂದೆ ಹಾಗೆ ಹೇಳಿದಾಗ ನನ್ನ ಗಂಟಲು ಕಟ್ಟಿಕೊಂಡಿತು. ಯಾಕೆ ಅಂತ ಇನ್ನೂ ಗೊತ್ತಾಗಿಲ್ಲ. ಸದ್ಯಕ್ಕೆ ಅರ್ಧ ಗಂಟೆ ಒಬ್ಬನೇ ಇರಬೇಕು.’ ಉತ್ತರ ಆಮೇಲೆ ಕೊಡುವುದಾದರೆ ಹೊತ್ತು ಹೇಳಿ: ‘ನಾಳೆ ರಾತ್ರಿ ಊಟ ಆದ ಮೇಲೆ ಹೇಳುತ್ತೇನೆ.’ ‘ಆಮೇಲೆ ನೋಡೋಣ’ ಎಂದರೆ ಎದುರಿನವರಿಗೆ ಅದು ಬಾಗಿಲು ಮುಚ್ಚಿದಂತೆ ಕೇಳುತ್ತದೆ.

ಮನೆಯವರಿಗೂ ಒಂದು ಮಾತು. ‘ಹೇಳು, ಮನಸ್ಸಲ್ಲಿ ಏನಿದೆ ಹೇಳು’ ಎಂದು ಪಟ್ಟು ಹಿಡಿದರೆ ಎದುರಿನವರ ತಲೆ ಇನ್ನೂ ಖಾಲಿಯಾಗುತ್ತದೆ. ‘ಸಿಟ್ಟು ಬಂದಿದೆಯಾ, ಇಲ್ಲಾ ಬರೀ ಸುಸ್ತಾ?’ ಎಂದು ಎರಡು ಆಯ್ಕೆ ಕೊಡಿ. ಹತ್ತರಲ್ಲಿ ಎಷ್ಟು ಎಂದು ಕೇಳಿ. ಎದುರಾಬದುರು ಕೂತು ಕೇಳುವುದಕ್ಕಿಂತ ಜೊತೆಗೆ ನಡೆಯುತ್ತಲೋ ಪಾತ್ರೆ ತೊಳೆಯುತ್ತಲೋ ಕೇಳಿದರೆ ಉತ್ತರ ಬೇಗ ಬರುತ್ತದೆ. ಅವರ ಪರವಾಗಿ ನೀವೇ ಹೆಸರಿಟ್ಟು ‘ನಿನಗೆ ಹೊಟ್ಟೆಕಿಚ್ಚು’ ಎಂದು ತೀರ್ಪು ಕೊಡಬೇಡಿ.

ಡಾಕ್ಟರ ಬಳಿ ಹೋಗುವಾಗ ನೋಟ್‌ಬುಕ್ಕಿನ ಎರಡು ವಾರದ ಪುಟ ಒಯ್ಯಿರಿ. ಖಿನ್ನತೆಯ ಪ್ರಶ್ನಾವಳಿಯಲ್ಲಿ ‘ದುಃಖ ಆಗುತ್ತದೆಯೇ’ ಎಂಬುದಕ್ಕೆ ನೀವು ಪ್ರಾಮಾಣಿಕವಾಗಿ ‘ಇಲ್ಲ’ ಎಂದು ಬರೆದು, ಕಾಯಿಲೆ ಕಣ್ಣುತಪ್ಪಿಸಿಕೊಂಡು ಹೋಗುವ ಸಾಧ್ಯತೆ ಇದೆ. ‘ನನಗೆ ಭಾವನೆ ಗುರುತಿಸಲು ಕಷ್ಟ, ಆದ್ದರಿಂದ ನಡವಳಿಕೆ ಹೇಳುತ್ತೇನೆ’ ಎಂದು ಶುರು ಮಾಡಿ. ನಿದ್ದೆ ಎಷ್ಟು ಗಂಟೆ, ತೂಕ ಎಷ್ಟು ಬದಲಾಗಿದೆ, ಮೊದಲು ಮಾಡುತ್ತಿದ್ದ ಯಾವುದನ್ನು ಬಿಟ್ಟಿದ್ದೀರಿ, ಎಷ್ಟು ದಿನ ಕೆಲಸ ತಪ್ಪಿದೆ, ಕುಡಿತ ಹೆಚ್ಚಾಗಿದೆಯೇ. ಸಾಯಬೇಕು, ತನಗೆ ತಾನೇ ಹಾನಿ ಮಾಡಿಕೊಳ್ಳಬೇಕು ಎಂಬ ಯೋಚನೆ, ದುಃಖವೇ ಇಲ್ಲದೆ ಬರೀ ಲೆಕ್ಕಾಚಾರದಂತೆ ಬಂದರೂ, ಅದೇ ದಿನ ಹೇಳಬೇಕಾದ ವಿಷಯ.

ಆಪ್ತಸಲಹೆಗೆ, ಮನಶ್ಶಾಸ್ತ್ರಜ್ಞರ ಬಳಿಗೆ ಹೋಗುವವರು ಮೊದಲ ಭೇಟಿಯಲ್ಲೇ ಇದನ್ನು ಹೇಳಿಬಿಡಬೇಕು. ‘ಹೇಗನ್ನಿಸುತ್ತಿದೆ’ ಎಂಬ ಪ್ರಶ್ನೆಯ ಮೇಲೇ ನಡೆಯುವ ಚಿಕಿತ್ಸೆ ಇಂಥವರಲ್ಲಿ ಮುಂದೆ ಹೋಗುವುದು ನಿಧಾನ. ಮೈಯಿಂದ ಶುರುವಾಗುವ, ಹೆಜ್ಜೆ ಹೆಜ್ಜೆಯಾಗಿ ಕೌಶಲ ಕಲಿಸುವ ಕ್ರಮ ಸುಲಭವಾಗುತ್ತದೆ. ಎರಡು ಮೂರು ಭೇಟಿ ಮೌನದಲ್ಲೇ ಕಳೆದರೆ ಚಿಕಿತ್ಸೆ ಬಿಡುವ ಬದಲು ವಿಧಾನ ಬದಲಿಸಲು ಕೇಳಿ.

ಪ್ರಗತಿ ಅಳೆಯಲು ಒಂದೇ ಲೆಕ್ಕ ಇಡಿ: ಘಟನೆ ನಡೆದದ್ದಕ್ಕೂ ಪದ ಸಿಕ್ಕಿದ್ದಕ್ಕೂ ನಡುವೆ ಎಷ್ಟು ಹೊತ್ತು ಹಿಡಿಯಿತು. ಪುಟದ ಅಂಚಿನಲ್ಲಿ ಬರೆದರೆ ಸಾಕು: 3 ದಿನ, 2 ದಿನ, 30 ಗಂಟೆ, ಮತ್ತೆ 3 ದಿನ, ಒಂದು ರಾತ್ರಿ. ಅದು ನೇರವಾಗಿ ಇಳಿಯುವುದಿಲ್ಲ; ಜ್ವರ ಬಂದ ವಾರ, ನಿದ್ದೆಗೆಟ್ಟ ವಾರ ಮತ್ತೆ ಏರುತ್ತದೆ. ಕೆಲವು ತಿಂಗಳು ಕಳೆದ ಮೇಲೆ ಯಾವುದೋ ಒಂದು ಪುಟದಲ್ಲಿ ‘10 ನಿಮಿಷ’ ಎಂದು ಬರೆಯುವ ಹೊತ್ತಿಗೆ ದಿನಕ್ಕೆ ಮೂರು ಅಲಾರಂ ಬೇಕಾಗುವುದಿಲ್ಲ, ಒಂದನ್ನು ಮಾತ್ರ ಉಳಿಸಿಕೊಳ್ಳಿ.